ಪ್ರಶ್ನೆ ಕೇಳುವವನ ಹಿರಿತನ

2021ರ ಜೂನ್ 3ರಂದು ಸುಪ್ರೀಂ ಕೋರ್ಟು ಪತ್ರಕರ್ತ ವಿನೋದ್ ದುವಾ ಅವರ ಮೇಲೆ ಹಿಮಾಚಲ ಪ್ರದೇಶದ ಪೋಲೀಸರು ದಾಖಲಿಸಿದ್ದ ರಾಜದ್ರೋಹದ ಮೊಕದ್ದಮೆಯನ್ನು ರದ್ದುಪಡಿಸಿ ಇತ್ತ ತೀರ್ಪು ದೇಶದ ಪತ್ರಿಕಾವಲಯದಲ್ಲೆಲ್ಲ ಸಂತೋಷವನ್ನುಂಟುಮಾಡಿತು. ಅದು ಸಹಜವೇ ಆಗಿತ್ತು. ಆದರೆ ಆ ತೀರ್ಪಿಗೆ ಎರಡು ಭಾಗಗಳಿದ್ದವೆಂಬುದನ್ನು ಸಂತೋಷದ ಭರದಲ್ಲಿ ಅನೇಕರು ಮರೆತರು. ದುವಾ ಅವರು ಕೋರ್ಟಿನ ಮುಂದೆ ಇಟ್ಟಿದ್ದ ಬೇಡಿಕೆಗಳು ಎರಡು. ತಮ್ಮ ಮೇಲಿನ ಮೊಕದ್ದಮೆಯನ್ನು ತೆಗೆದುಹಾಕಬೇಕೆಂಬುದು ಮೊದಲನೆಯದು. ಹತ್ತು ವರ್ಷಗಳಿಗೆ ಕಡಿಮೆಯಿಲ್ಲದ ಅನುಭವವುಳ್ಳ ಯಾವ ಪತ್ರಕರ್ತನ ಮೇಲೂ, ಆಯಾ ರಾಜ್ಯದ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳು ಅಥವಾ ಅವರು ನೇಮಿಸಿದ ನ್ಯಾಯಾಧೀಶರು, ವಿರೋಧಪಕ್ಷದ ನಾಯಕರು, ಗೃಹಮಂತ್ರಿಗಳು ಸೇರಿದ ಸಮಿತಿಯೊಂದು ಒಪ್ಪಿಗೆ ಕೊಟ್ಟ ಹೊರತು, ಎಫ್.ಐ.ಆರ್. ದಾಖಲಾಗಕೂಡದೆಂಬುದು ಎರಡನೆಯದು. ಮೊದಲನೆಯ ಬೇಡಿಕೆಯನ್ನು ಕೋರ್ಟು ಮನ್ನಿಸಿತು; ಎರಡನೆಯದನ್ನು ನಿರಾಕರಿಸಿತು. ನಮಗೆ ಈ ನಿರಾಕರಣೆಯೇ ಹೆಚ್ಚು ವಿಚಾರಾರ್ಹವಾಗಿ ತೋರುತ್ತದೆ. ಪತ್ರಕರ್ತನಿಗೆ ರಕ್ಷೆ ದೊರೆಯಬೇಕಾದುದು ಅವನ ಹಿರಿತನಕ್ಕಾಗಿಯೋ ಅವನು ಕೇಳುವ ಪ್ರಶ್ನೆಗಾಗಿಯೋ ಎಂಬ ಮೂಲಭೂತವಾದ ಮಾತು ಅದರಲ್ಲಿ ಅಡಗಿದೆ. ದುವಾ ಅವರ ನಾಲ್ವತ್ತೇಳು ವರ್ಷಗಳ ವೃತ್ತಿಜೀವನವನ್ನು ಒಮ್ಮೆ ಕಣ್ಣಮುಂದೆ ತಂದುಕೊಂಡು ನೋಡಿದರೆ ಈ ಮಾತಿನ ಇತ್ಯರ್ಥ ಸುಲಭವಾದೀತು.

ದುವಾ ಅವರು ಹುಟ್ಟಿದ್ದು 1954ರ ಮಾರ್ಚ್ 11ರಂದು. ಅವರ ಹಿರಿಯರು ವಾಯವ್ಯ ಗಡಿಪ್ರಾಂತದ ಡೇರಾ ಇಸ್ಮಾಯಿಲ್ ಖಾನ್ ಎಂಬ ಊರಿನವರು. 1947ರ ದೇಶವಿಭಜನೆಯಲ್ಲಿ ಮನೆಮಾರು ಬಿಟ್ಟು ದಿಲ್ಲಿಗೆ ಬಂದು ನಿರಾಶ್ರಿತರ ಬಡಾವಣೆಗಳಲ್ಲಿ ನೆಲೆ ಕಂಡುಕೊಂಡ ಸಾವಿರಾರು ಕುಟುಂಬಗಳಲ್ಲಿ ಅದೂ ಒಂದು. ಹೊಟ್ಟೆಪಾಡಿಗಾಗಿ ಊರು ಬಿಟ್ಟುಬಂದ ನಮ್ಮ ಜನರ ಪಾಡನ್ನು ಆ ಪಾಡಿನೊಡನೆ ಹೋಲಿಸುವುದು ಸಲ್ಲದು. ನಮಗೆ ಹಿಂದಿರುಗಿ ಹೋಗಲು ಊರೊಂದು ಉಳಿದಿದೆ, ಅವರಿಗೆ ಉಳಿಯಲಿಲ್ಲ. ಆದರೂ ಪರಸ್ಥಳದಲ್ಲಿ ಬೆಳೆದ ಹುಡುಗನು ಮಾತನ್ನೇ ಬಂಡವಾಳ ಮಾಡಿಕೊಂಡು ಮೇಲೆ ಬರುವ ರೀತಿ ನಮ್ಮ ವಾಚಕರಿಗೆ ಅಪರಿಚಿತವಾದುದಲ್ಲ. ಹಂಸರಾಜ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನೋದಿ, ದಿಲ್ಲಿ ವಿಶ್ವವಿದ್ಯಾಲಯದಿಂದ ಅದೇ ವಿಷಯದಲ್ಲಿ ಎಂ.ಎ. ಪದವಿ ಪಡೆದ ಅವರು ವಿದ್ಯಾರ್ಥಿದೆಸೆಯಲ್ಲಿ ಹಾಡುಗಾರಿಕೆಗೂ ಚರ್ಚಾಕೂಟಗಳಿಗೂ ಹೆಸರಾಗಿದ್ದರು. ಮುಂದೆ ವರದಕ್ಷಿಣೆಯಂಥ ಪಿಡುಗುಗಳ ವಿರುದ್ಧ ಬೀದಿನಾಟಕಗಳಲ್ಲಿಯೂ ಪಾಲ್ಗೊಂಡರು. ಇಂಗ್ಲಿಷನ್ನೋದಿದವರು ಇಂಗ್ಲಿಷಿನಲ್ಲಿಯೇ ಬಾಳಬೇಕೆಂದು ತಿಳಿದಿದ್ದ ಆ ಕಾಲದಲ್ಲಿ ಅವರು ತಮ್ಮ ಕಸುಬಿಗೆ ಹಿಂದಿಯನ್ನು ಆರಿಸಿಕೊಂಡರೆಂಬುದು ಗಮನಿಸತಕ್ಕ ಸಂಗತಿ.

ಅವರು ಮೊಟ್ಟಮೊದಲು ಟೆಲಿವಿಷನ್ನಿನ ತೆರೆಯ ಮೇಲೆ ಕಾಣಿಸಿಕೊಂಡುದು 1974ರ ನವೆಂಬರಿನಲ್ಲಿ, 'ಯುವಮಂಚ್' ಎಂಬ ತರುಣರ ಕಾರ್ಯಕ್ರಮದಲ್ಲಿ. 1959ರ ಸೆಪ್ಟೆಂಬರ್ 15ರಂದು ದಿಲ್ಲಿಯಲ್ಲಿ ಪ್ರಾಯೋಗಿಕವಾಗಿ ಹುಟ್ಟಿ, 1972ರ ಗಾಂಧೀಜಯಂತಿಯಂದು ಮುಂಬಯಿಗೆ ಬಂದಿದ್ದ ಈ ಮಾಧ್ಯಮ ಆಗಿನ್ನೂ ಆಕಾಶವಾಣಿಯ ಮಡಿಲಿನ ಕೂಸಾಗಿತ್ತು. ಅದು ದೂರದರ್ಶನವೆಂಬ ಬೇರೆ ಇಲಾಖೆಯಾದುದು 1976ರ ಏಪ್ರಿಲ್ 1ರಂದು. 1975ರಲ್ಲಿ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ಆರು ರಾಜ್ಯಗಳ ಎರಡು ಸಾವಿರಕ್ಕೂ ಮಿಕ್ಕ ಹಳ್ಳಿಗಳಿಗೆ ಶಿಕ್ಷಣಪ್ರದ ಕಾರ್ಯಕ್ರಮಗಳನ್ನು ಬಿತ್ತರಿಸುವ ಪ್ರಯೋಗ ನಡೆದಾಗ ದುವಾ ಅವರು ರಾಯಪುರ, ಮುಜಫ್ಫರಪುರ, ಜಯಪುರಗಳ ಕಡೆಯ ತರುಣರಿಗಾಗಿ 'ಯುವಜನ್' ಎಂಬುದನ್ನು ನಡೆಸಿಕೊಟ್ಟರು. ನಮ್ಮ ಕಲಬುರ್ಗಿಯ ಕಡೆಯ ಹಳ್ಳಿಗಳಲ್ಲಿ ಶಾಲೆಯ ಜಗಲಿಯ ಮುಂದೆ ಜನ ನೆರೆದು ಕನ್ನಡದ ಕಾರ್ಯಕ್ರಮಗಳನ್ನು ಮೊದಲ ಸಲ ಕಂಡುದೂ ಇದೇ ಉಪಗ್ರಹದಿಂದಲೇ ಎಂಬುದನ್ನು ಇಲ್ಲಿ ನೆನೆಯಬಹುದು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದುದು ಅದಾಗಿ ಎಷ್ಟೋ ದಿನಗಳ ಮೇಲೆ, 1981ರಲ್ಲಿ.

ಈ ಮೊದಲ ಹತ್ತು ವರ್ಷಗಳಲ್ಲಿ ದುವಾ ಅವರು ರಾಜಕೀಯ ಪತ್ರಕರ್ತರಾಗುವರೆಂದು ಯಾರೂ ಊಹಿಸಿರಲಾರರು. ಅಮೃತಸರ ಕೇಂದ್ರಕ್ಕಾಗಿ ತರುಣರ ಕಾರ್ಯಕ್ರಮ, ಭಾನುವಾರದ ಮುಂಜಾನೆ 'ಆಪ್ ಕೇ ಲಿಯೇ' ಎಂಬ ಕುಟುಂಬವಾರ್ತೆ—ಇವೇ ಅವರ ಕೆಲಸ. ಅದು ತುರ್ತುಪರಿಸ್ಥಿತಿಯ ಕಾಲವೂ ಆಗಿದ್ದಿತು. ಸರಕಾರದ ತೆರೆಯ ಮೇಲೆ ಸರಕಾರಕ್ಕೆ ಒಪ್ಪಿಗೆಯಾದುದಷ್ಟೇ ಕಾಣುತ್ತಿದ್ದ ಆ ದಿನಗಳಲ್ಲಿ ರಾಜಕೀಯ ಪ್ರಶ್ನೆಗೆ ಅಲ್ಲಿ ಎಡೆಯೇ ಇರಲಿಲ್ಲ. ಆದರೆ ಕಸುಬಿನ ಒಂದು ಅಂಗವನ್ನು ಅವರು ಆಗಲೇ ಕಲಿತರೆಂದು ತೋರುತ್ತದೆ. ಬರೆದುಕೊಂಡ ಕಾಗದವನ್ನು ನೋಡದೆ, ಎದುರಿಗಿರುವವನೊಡನೆ ಜಗಲಿಯ ಮೇಲೆ ಕುಳಿತು ಮಾತನಾಡುವಂತೆ ಮಾತನಾಡುವುದೇ ಆ ಅಂಗ. ವಾರ್ತಾವಾಚಕರು ಸಂಸ್ಕೃತಭೂಯಿಷ್ಠವಾದ ಹಿಂದಿಯನ್ನು ಶಾಸನ ಓದುವಂತೆ ಓದುತ್ತಿದ್ದಾಗ ದುವಾ ಅವರು ದಿಲ್ಲಿಯ ಗಲ್ಲಿಗಳ ಮಾತನ್ನು ತೆರೆಗೆ ತಂದರು.

ಇದರ ಫಲ ಕಂಡುದು 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ. ಇಂದಿರಾ ಗಾಂಧಿಯವರ ಹತ್ಯೆಯಾಗಿ ಎರಡು ತಿಂಗಳು ಕಳೆದಿರಲಿಲ್ಲ. ಮತಪತ್ರಗಳನ್ನು ಕೈಯಿಂದ ಬಿಡಿಸಿ ಮಡಿಚಿ ಎಣಿಸುತ್ತಿದ್ದ ಕಾಲವದು; ಫಲಿತಾಂಶಗಳು ಒಂದೊಂದಾಗಿ ಬರುತ್ತಿದ್ದವು, ಹಗಲು ಇರುಳು ಎಣಿಕೆ ನಡೆಯುತ್ತಿತ್ತು, ನಡುವಣ ಬಿಡುವಿನಲ್ಲಿ ದೂರದರ್ಶನದವರು ಚಲಚ್ಚಿತ್ರ ತೋರಿಸುತ್ತಿದ್ದರು. ಆ ಚುನಾವಣೆಯಲ್ಲಿ ಪ್ರಣಯ್ ರಾಯ್ ಅವರು ಇಂಗ್ಲಿಷಿನಲ್ಲಿ ಮತಗಳ ಒಲವು, ವಿರೋಧಪಕ್ಷಗಳ ಐಕ್ಯದ ಪ್ರಮಾಣ ಎಂದು ಅಂಕಿಗಳನ್ನು ಬಿಡಿಸಿ ಹೇಳಿದರೆ, ಪಕ್ಕದಲ್ಲಿ ಕುಳಿತ ದುವಾ ಅವರು ಅದೇ ಉಸಿರಿನಲ್ಲಿ ಅದನ್ನು ಹಿಂದಿಗಿಳಿಸುತ್ತಿದ್ದರು. ಅದು ಬರಿಯ ಭಾಷಾಂತರವಾಗಿದ್ದರೆ ಯಾರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಗಣಿತವನ್ನರಿಯದವನಿಗೂ ಕೇಳಿದೊಡನೆ ಅರ್ಥ ಹೊಳೆಯುವಂತೆ ಹೇಳುವ ಕಲೆ ಅವರಲ್ಲಿತ್ತು. 514 ಸ್ಥಾನಗಳ ಪೈಕಿ 404 ಕಾಂಗ್ರೆಸ್ಸಿಗೆ ದೊರೆತ ಆ ಫಲಿತಾಂಶವನ್ನು ಊರಿನ ಪತ್ರಿಕೆ ಅಂಚೆಯಲ್ಲಿ ಬಂದು ತಲಪುವ ಮೊದಲೇ ದಾದರಿನಲ್ಲಿ, ಮಾಟುಂಗಾದಲ್ಲಿ, ಪುಣೆಯ ಪೇಟೆಗಳಲ್ಲಿ, ದಿಲ್ಲಿಯ ಸರಕಾರಿ ವಸತಿಗಳಲ್ಲಿ ನೆರೆಹೊರೆಯವರ ಮನೆಯ ಟೆಲಿವಿಷನ್ನಿನ ಮುಂದೆ ಕುಳಿತು ತಿಳಿದುಕೊಂಡ ಕನ್ನಡಿಗರು ನಮ್ಮ ವಾಚಕವರ್ಗದಲ್ಲಿ ಇಂದಿಗೂ ಅನೇಕರಿದ್ದಾರೆ. ಹಿಂದಿ ನಮ್ಮ ಮನೆಮಾತಲ್ಲ. ಪ್ರೌಢ ಹಿಂದಿ ನಮ್ಮಲ್ಲಿ ಬಹುಮಂದಿಗೆ ಕಬ್ಬಿಣದ ಕಡಲೆಯೇ. ದುವಾ ಅವರ ಹಿಂದಿ ಮಾತ್ರ ನಮಗೂ ದಕ್ಕುತ್ತಿತ್ತು. ಭಾಷಾಪಾಂಡಿತ್ಯವನ್ನು ಮೆರೆಯದಿರುವುದೂ ಒಂದು ಪಾಂಡಿತ್ಯವೆಂದು ನಮ್ಮ ಕೆಲವು ಕನ್ನಡ ವಾರ್ತಾವಾಚಕರೂ ತಿಳಿದುಕೊಂಡರೆ ಒಳ್ಳೆಯದು.

ಆದರೆ ದುವಾ ಅವರ ನಿಜವಾದ ಪತ್ರಿಕೋದ್ಯೋಗ ಪ್ರಾರಂಭವಾದುದು ಮರುವರ್ಷ, 1985ರಲ್ಲಿ, 'ಜನವಾಣಿ' ಎಂಬ ಕಾರ್ಯಕ್ರಮದಿಂದ ಎಂದು ನಮ್ಮ ಅಭಿಪ್ರಾಯ. ಕೇಂದ್ರದ ಮಂತ್ರಿಯೊಬ್ಬರನ್ನು ಕರೆತಂದು ಸಾಮಾನ್ಯ ನಾಗರಿಕರ ಎದುರಿಗೆ ಕೂಡಿಸುವುದು, ನಾಗರಿಕರು ಅವರ ಇಲಾಖೆಯ ಕಾರ್ಯಭಾರವನ್ನು ಕುರಿತು ನೇರವಾಗಿ ಪ್ರಶ್ನೆ ಕೇಳುವುದು, ನಡುವೆ ನಿಂತ ದುವಾ ಅವರು ಉತ್ತರ ಜಾರಿಹೋಗದಂತೆ ನೋಡಿಕೊಳ್ಳುವುದು—ಇಷ್ಟೇ ಅದರ ಸ್ವರೂಪ. ಇಂದು ಇದು ಸಾಮಾನ್ಯವೆನಿಸಬಹುದು. ದೇಶದಲ್ಲಿ ಅಂಥ ಕಾರ್ಯಕ್ರಮ ಅದೇ ಮೊದಲನೆಯದೆಂಬುದನ್ನೂ, ಅದು ನಡೆದುದು ಸರಕಾರದ್ದೇ ಹಣದಲ್ಲಿ, ಸರಕಾರದ್ದೇ ತೆರೆಯ ಮೇಲೆ ಎಂಬುದನ್ನೂ ಮರೆಯಬಾರದು. ಅಲ್ಲಿಯವರೆಗೆ ಮಂತ್ರಿಗಳು ತೆರೆಯ ಮೇಲೆ ಕಾಣಿಸುತ್ತಿದ್ದುದು ಶಂಕುಸ್ಥಾಪನೆ ಮಾಡುವಾಗ, ನಾಡ ಕತ್ತರಿಸುವಾಗ, ಇಲ್ಲವೆ ಹಾರ ಹಾಕಿಸಿಕೊಳ್ಳುವಾಗ. ಅವರೂ ತಡವರಿಸಬಲ್ಲರು, ಅವರಿಗೂ ಬೆವರುತ್ತದೆ ಎಂದು ಜನ ಕಂಡುದು ಆಗ.

ಇಲ್ಲಿ ನಮ್ಮವರ ಮಾತೊಂದನ್ನು ಆಡಿಬಿಡುವೆವು. ಕರ್ನಾಟಕದಿಂದ ಮಂತ್ರಿಮಹಾಶಯರು ಹೊರನಾಡಿಗೆ ದಯಮಾಡಿಸಿದಾಗ ನಮ್ಮ ಸಂಘಸಂಸ್ಥೆಗಳು ಮಾಡುವುದೇನು? ಶಾಲು, ಫಲತಾಂಬೂಲ, ಸ್ವಾಗತಗೀತೆ, ಎರಡು ಗಂಟೆಗಳ ಭಾಷಣ, ಕೊನೆಗೊಂದು ಮನವಿಪತ್ರ. ಮನವಿಪತ್ರದ ಗತಿಯೇನಾಯಿತೆಂದು ಮುಂದಿನ ಸಲ ಅದೇ ಮಂತ್ರಿಗಳು ಬಂದಾಗಲೂ ನಾವು ಕೇಳುವುದಿಲ್ಲ. ಕೇಳಿದರೆ ಅತಿಥಿಸತ್ಕಾರಕ್ಕೆ ಕುಂದೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. 1985ರಲ್ಲಿ ಸರಕಾರಿ ನೌಕರರೇ ನಡೆಸುತ್ತಿದ್ದ ದೂರದರ್ಶನ ಕೇಳಿಸಿದ ಪ್ರಶ್ನೆಯನ್ನು ಯಾರ ಹಂಗೂ ಇಲ್ಲದ ನಮ್ಮ ಸಂಘಗಳು ಇಂದಿಗೂ ಕೇಳಲಾರವು.

ಮುಂದಿನ ವರ್ಷಗಳನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. 1987ರಲ್ಲಿ ಟಿ.ವಿ. ಟುಡೇ ಸಂಸ್ಥೆಯನ್ನು ಸೇರಿದ ದುವಾ ಅವರು ಮರುವರ್ಷವೇ ತಮ್ಮದೊಂದು ನಿರ್ಮಾಣಸಂಸ್ಥೆಯನ್ನು ಕಟ್ಟಿದರು. 1992ರಿಂದ 1996ರವರೆಗೆ ದೂರದರ್ಶನಕ್ಕಾಗಿ 'ಪರಖ್' ಎಂಬ ಪ್ರಚಲಿತ ವಿದ್ಯಮಾನಗಳ ಸಾಪ್ತಾಹಿಕವನ್ನು ನಿರ್ಮಿಸಿ ನಡೆಸಿಕೊಟ್ಟರು. ಬಾಬರಿ ಮಸೀದಿಯ ಪತನ, ಮುಂಬಯಿಯ ದಂಗೆಗಳು, ಹೊಸ ಆರ್ಥಿಕ ನೀತಿ ಇವೆಲ್ಲವೂ ದೇಶವನ್ನು ಅಲ್ಲಾಡಿಸಿದ ಆ ವರ್ಷಗಳಲ್ಲಿ ವಾರಕ್ಕೊಮ್ಮೆ ನಿಧಾನವಾಗಿ ಕುಳಿತು ವಿಚಾರಮಾಡುವ ಅಂಥ ಕಾರ್ಯಕ್ರಮದ ಬೆಲೆ ದೊಡ್ಡದು. 1996ರಲ್ಲಿ ಪತ್ರಿಕೋದ್ಯೋಗದ ಗೋಯೆಂಕಾ ಪ್ರಶಸ್ತಿ ಅವರಿಗೆ ಬಂದಿತು; ಟೆಲಿವಿಷನ್ನಿನ ಪತ್ರಕರ್ತರೊಬ್ಬರಿಗೆ ಅದು ಸಂದುದು ಅದೇ ಮೊದಲು. ಆ ನಡುವೆ, 1995ರ ಫೆಬ್ರುವರಿಯಲ್ಲಿ, ಆಕಾಶದ ಅಲೆಗಳು ಸರಕಾರದ ಸ್ವತ್ತಲ್ಲ, ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟು ಸಾರಿದ್ದಿತು. ಖಾಸಗಿ ವಾಹಿನಿಗಳು ನಾಯಿಕೊಡೆಗಳಂತೆ ಎದ್ದವು.

ಸರಕಾರದ ಹಗ್ಗ ಬಿಚ್ಚಿತು, ಇನ್ನು ಪ್ರಶ್ನೆಗೆ ತಡೆಯಿಲ್ಲ ಎಂದು ಆಗ ಎಲ್ಲರೂ ಹಿಗ್ಗಿದರು. ಆದರೆ ಹಗಲಿರುಳು ವಾರ್ತೆ ಹೇಳುವ ವಾಹಿನಿಗೆ ಜಾಹೀರಾತು ಬೇಕು, ಜಾಹೀರಾತಿಗೆ ನೋಟಕರ ಸಂಖ್ಯೆ ಬೇಕು, ಸಂಖ್ಯೆಗೆ ಗದ್ದಲ ಬೇಕು. ಎಂಟು ಜನರನ್ನು ಎಂಟು ಚೌಕಗಳಲ್ಲಿ ತುಂಬಿ ಏಕಕಾಲದಲ್ಲಿ ಕೂಗಾಡಿಸಿ, ಕಡೆಗೆ ನಡೆಸುವವನು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿ ತೀರ್ಪು ಹೇಳುವ ಇಂದಿನ ಪದ್ಧತಿಗೆ ಚರ್ಚೆಯೆಂಬ ಹೆಸರು ಹೇಗೆ ಬಂದಿತೋ ನಾವರಿಯೆವು. ಸಂತೆಯಲ್ಲಿಯೂ ಇದಕ್ಕಿಂತ ಶಿಸ್ತಿರುತ್ತದೆ. ಎನ್.ಡಿ.ಟಿ.ವಿ. ಇಂಡಿಯಾ ವಾಹಿನಿಯಲ್ಲಿ 'ಖಬರದಾರ್', 'ವಿನೋದ್ ದುವಾ ಲೈವ್' ಎಂಬ ಕಾರ್ಯಕ್ರಮಗಳನ್ನು ನಡೆಸಿದ ಕಾಲದಲ್ಲಿ ದುವಾ ಅವರು ದನಿ ಏರಿಸುವ ಗೋಜಿಗೆ ಹೋಗಲಿಲ್ಲ. ಹುಬ್ಬನ್ನು ತುಸು ಮೇಲೆತ್ತಿ, ಕೇಳಿದ್ದನ್ನೇ ಮತ್ತೊಮ್ಮೆ ಸಾವಧಾನವಾಗಿ ಕೇಳುವುದು ಅವರ ಪದ್ಧತಿ. ಅವರ ವ್ಯಂಗ್ಯ ಕೆಲವೊಮ್ಮೆ ಠೇಂಕಾರದ ಅಂಚಿಗೆ ಹೋಗಿ ನಿಲ್ಲುತ್ತಿತ್ತೆಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೆ ವ್ಯಂಗ್ಯಕ್ಕೆ ಗುರಿಯಾಗುತ್ತಿದ್ದವರು ಅಧಿಕಾರಾರೂಢರಾಗಿದ್ದರೇ ಹೊರತು ಬಡಪಾಯಿಗಳಾಗಿರಲಿಲ್ಲ. ರಾಜಕೀಯದ ನಡುವೆಯೇ 'ಜಾಯ್ಕಾ ಇಂಡಿಯಾ ಕಾ' ಎಂದು ಹೆದ್ದಾರಿಯ ಢಾಬಾಗಳನ್ನೂ ಹಳೆಯ ಪೇಟೆಗಳ ಅಡಿಗೆಮನೆಗಳನ್ನೂ ಸುತ್ತಿ ರುಚಿ ನೋಡಿದ ಅವರನ್ನು ಹೊಟ್ಟೆಬಾಕತನದ ಪತ್ರಿಕೋದ್ಯೋಗಿ ಎಂದು ನಕ್ಕವರುಂಟು. ಸಾಣೆಕಲ್ಲಿನ ಮುಂದೆ ಕುಳಿತ ಬಾಣಸಿಗನನ್ನೂ ಮಂತ್ರಿಯನ್ನೂ ಒಂದೇ ಸಮನಾದ ಕುತೂಹಲದಿಂದ ಮಾತನಾಡಿಸುವವನಿಗೆ ದೇಶದ ನಾಡಿ ಸಿಗುತ್ತದೆಂದು ನಾವು ನಂಬುತ್ತೇವೆ. 2008ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ದೊರೆಯಿತು.

ಅರುವತ್ತು ದಾಟಿದ ಮೇಲೆ ಬಹುತೇಕ ಪತ್ರಕರ್ತರು ಆತ್ಮಚರಿತ್ರೆಗೆ ಕೈಹಾಕುತ್ತಾರೆ, ಇಲ್ಲವೆ ರಾಜ್ಯಸಭೆಯ ಕಡೆಗೆ ಕಣ್ಣು ಹಾಯಿಸುತ್ತಾರೆ. ದುವಾ ಅವರು ಅಂತರ್ಜಾಲದ ಹೊಸ ಮಾಧ್ಯಮಕ್ಕೆ ಬಂದರು. 'ದಿ ವಯರ್' ಎಂಬ ಸಂಸ್ಥೆಗಾಗಿ 'ಜನ ಗಣ ಮನ ಕೀ ಬಾತ್' ಎಂದು ಸುಮಾರು ಹತ್ತು ಮಿನಿಟುಗಳ ಭಾಷ್ಯವನ್ನು ಅವರು ನಡೆಸತೊಡಗಿದಾಗ ಅಲ್ಲಿ ಬಣ್ಣದ ವೇದಿಕೆಯಿರಲಿಲ್ಲ, ಅತಿಥಿಗಳ ಗುಂಪಿರಲಿಲ್ಲ. ಒಬ್ಬ ಮನುಷ್ಯ, ಒಂದು ಮೇಜು, ಅಂದಿನ ಸಂಗತಿ. 2017ರ ಜೂನಿನಲ್ಲಿ ಮುಂಬಯಿ ಪ್ರೆಸ್ ಕ್ಲಬ್ಬಿನವರು ಜೀವಮಾನದ ಸಾಧನೆಗಾಗಿ ಅವರಿಗೆ ರೆಡ್‌ಇಂಕ್ ಪ್ರಶಸ್ತಿಯನ್ನಿತ್ತರು. ಅದನ್ನು ಅವರ ಕೈಗಿತ್ತವರು ಮುಖ್ಯಮಂತ್ರಿ ದೇವೇಂದ್ರ ಫಡ್ನವೀಸರು. ಯಾವ ಪಕ್ಷದ ಆಡಳಿತವನ್ನು ದುವಾ ಅವರು ದಿನಂಪ್ರತಿ ಪ್ರಶ್ನಿಸುತ್ತಿದ್ದರೋ ಅದೇ ಪಕ್ಷದವರು. ಪ್ರಜಾಪ್ರಭುತ್ವದಲ್ಲಿ ಇದು ಇರಬೇಕಾದ ರೀತಿಯೇ ಸರಿ.

2018ರ ಅಕ್ಟೋಬರಿನಲ್ಲಿ ಚಿತ್ರನಿರ್ದೇಶಕಿಯೊಬ್ಬರು, 1989ರಲ್ಲಿ ದುವಾ ಅವರು ತಮ್ಮೊಡನೆ ಅನುಚಿತವಾಗಿ ವರ್ತಿಸಿದರೆಂದು ಬಹಿರಂಗವಾಗಿ ಆರೋಪಿಸಿದರು. ದುವಾ ಅವರು ಅದನ್ನು ಅಲ್ಲಗಳೆದರು. ಅವರ ಕಾರ್ಯಕ್ರಮ ನಿಂತಿತು. ಅವರನ್ನು ಹೊಗಳುವವರು ಈ ಸಂಗತಿಯನ್ನು ಬಿಟ್ಟು ಬರೆಯುವುದನ್ನು ನಾವು ಮೆಚ್ಚಲಾರೆವು. ಜೀವಮಾನವಿಡೀ ಇತರರಿಂದ ಉತ್ತರ ಬೇಡಿದವನ ವಿಷಯದಲ್ಲಿ ಪ್ರಶ್ನೆ ಎದ್ದಾಗ ಅಭಿಮಾನಿಗಳು ಕಿವಿ ಮುಚ್ಚಿಕೊಂಡರೆ ಅವನ ಕಸುಬಿಗೇ ಅವಮಾನ.

ಇನ್ನು ಮೊಕದ್ದಮೆಯ ಮಾತು. 2020ರ ಮಾರ್ಚ್ 30ರಂದು, ಕೊರೋನಾ ಸಾಂಕ್ರಾಮಿಕದ ಕಾರಣದಿಂದ ದೇಶಕ್ಕೆ ದೇಶವೇ ಬೀಗ ಹಾಕಿಕೊಂಡು ಒಂದು ವಾರವೂ ಕಳೆಯದಿದ್ದಾಗ, ಯೂಟ್ಯೂಬಿನಲ್ಲಿ ಬರುತ್ತಿದ್ದ ತಮ್ಮ ಕಾರ್ಯಕ್ರಮದಲ್ಲಿ ದುವಾ ಅವರು ಸರಕಾರದ ಸಿದ್ಧತೆಯನ್ನು ವಿಮರ್ಶಿಸಿದರು. ರೋಗಪರೀಕ್ಷೆಯ ಸೌಕರ್ಯ ಸಾಲದು, ವೈದ್ಯರ ರಕ್ಷಾಕವಚಗಳ ಹಾಗೂ ಮುಖಗವಸುಗಳ ಲೆಕ್ಕವಿಲ್ಲ, ಉಸಿರಾಟದ ಯಂತ್ರಗಳ ರಫ್ತನ್ನು ತಡೆಯಲು ತಡಮಾಡಲಾಯಿತು ಎಂಬುವು ಅವರ ಮಾತುಗಳಲ್ಲಿ ಕೆಲವು. ಕೂಲಿಕಾರರು ಗಂಟುಮೂಟೆ ಹೊತ್ತು ಹೆದ್ದಾರಿಗಳಲ್ಲಿ ನಡೆದು ಊರು ಸೇರಲು ಹೊರಟಿದ್ದ ದಿನಗಳವು. ಅವರಲ್ಲಿ ಮುಂಬಯಿ ಪುಣೆಗಳಿಂದ ಉತ್ತರ ಕರ್ನಾಟಕದ ಕಡೆಗೆ ಹೊರಟವರೂ ಇದ್ದರು. ದುವಾ ಅವರ ಮಾತುಗಳಿಂದ ಹಿಂಸೆಗೆ ಪ್ರಚೋದನೆಯಾಗುವುದೆಂದು ಆಡಳಿತಪಕ್ಷದ ಸ್ಥಳೀಯ ಮುಖಂಡರೊಬ್ಬರು ಶಿಮ್ಲಾ ಜಿಲ್ಲೆಯ ಕುಮಾರಸೈನ್ ಠಾಣೆಯಲ್ಲಿ ದೂರಿತ್ತರು. ಮೇ 6ರಂದು ದಂಡಸಂಹಿತೆಯ 124-ಎ ಮೊದಲಾದ ಕಲಮುಗಳ ಮೇರೆಗೆ ಎಫ್.ಐ.ಆರ್. ದಾಖಲಾಯಿತು. ದಿಲ್ಲಿಯಲ್ಲಿ ಕುಳಿತು ಆಡಿದ ಮಾತಿಗೆ ಹಿಮಾಲಯದ ತಪ್ಪಲಿನ ಠಾಣೆಗೆ ಬಂದು ಹಾಜರಾಗೆಂದು, ಸಾಂಕ್ರಾಮಿಕದ ಕಾಲದಲ್ಲಿ, ಅರುವತ್ತಾರು ವರ್ಷದ ಮನುಷ್ಯನಿಗೆ ಆಜ್ಞೆಯಾಯಿತು. ಜೂನ್ 14ರ ಭಾನುವಾರ ವಿಶೇಷವಾಗಿ ಕಲೆತ ಸುಪ್ರೀಂ ಕೋರ್ಟು ಅವರನ್ನು ಬಂಧಿಸಕೂಡದೆಂದು ಹೇಳಿತು. ತನಿಖೆಯನ್ನು ಮಾತ್ರ ನಿಲ್ಲಿಸಲಿಲ್ಲ.

124-ಎ ಕಲಮು ನಮ್ಮವರಿಗೆ ಹೊಸದಲ್ಲ. 1870ರಲ್ಲಿ ಪರಕೀಯ ಪ್ರಭುತ್ವ ದಂಡಸಂಹಿತೆಯೊಳಗೆ ಸೇರಿಸಿದ ಈ ಅಸ್ತ್ರವನ್ನೇ 1908ರಲ್ಲಿ 'ಕೇಸರಿ'ಯ ಲೇಖನಗಳಿಗಾಗಿ ಲೋಕಮಾನ್ಯ ತಿಲಕರ ಮೇಲೆ ಪ್ರಯೋಗಿಸಲಾಯಿತು. ಇದೇ ಮುಂಬಯಿಯ ಉಚ್ಚ ನ್ಯಾಯಾಲಯದಲ್ಲಿ ಅವರಿಗೆ ಆರು ವರ್ಷಗಳ ಗಡೀಪಾರಿನ ಶಿಕ್ಷೆಯಾಗಿ ಮಂಡಾಲೆಗೆ ಕಳಿಸಲಾಯಿತು. ಸ್ವಾತಂತ್ರ್ಯ ಬಂದ ಮೇಲೂ ಕಲಮು ಉಳಿಯಿತು. 1962ರಲ್ಲಿ ಕೇದಾರನಾಥ ಸಿಂಗರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕದೆ, ಅದರ ಹಲ್ಲನ್ನು ತುಸು ಕಿತ್ತಿತು: ಸರಕಾರದ ಕೃತ್ಯಗಳನ್ನು ಎಷ್ಟೇ ಕಟುವಾಗಿ ಟೀಕಿಸಿದರೂ ಅದು ರಾಜದ್ರೋಹವಾಗದು, ಹಿಂಸಾಚಾರಕ್ಕೆ ಇಲ್ಲವೆ ಸಾರ್ವಜನಿಕ ಕ್ಷೋಭೆಗೆ ಪ್ರಚೋದಿಸುವ ಉದ್ದೇಶ ಅಥವಾ ಪ್ರವೃತ್ತಿಯಿದ್ದರೆ ಮಾತ್ರ ಕಲಮು ಅನ್ವಯಿಸುವುದು. 2021ರಲ್ಲಿ ನ್ಯಾಯಮೂರ್ತಿ ಲಲಿತ್ ಮತ್ತು ನ್ಯಾಯಮೂರ್ತಿ ವಿನೀತ್ ಸರನ್ ಅವರು ದುವಾ ಅವರಿಗೆ ಅನ್ವಯಿಸಿದುದು ಈ ಸೂತ್ರವನ್ನೇ. ಸನ್ನಿವೇಶ ಬೇಗನೆ ಸುಧಾರಿಸಲೆಂಬ ಕಾರಣಕ್ಕಾಗಿ ಆಡಳಿತವನ್ನು ಟೀಕಿಸಿದುದು ಅಪರಾಧವಾಗದೆಂದೂ, ಕೇದಾರನಾಥ ಸಿಂಗರ ತೀರ್ಪಿನ ರಕ್ಷೆಗೆ ಪ್ರತಿಯೊಬ್ಬ ಪತ್ರಕರ್ತನೂ ಅರ್ಹನೆಂದೂ ಅವರು ಹೇಳಿದರು.

'ಪ್ರತಿಯೊಬ್ಬ' ಎಂಬ ಈ ಮಾತನ್ನು ವಾಚಕರು ಗಮನಿಸಬೇಕು. ಹತ್ತು ವರ್ಷಗಳ ಅನುಭವಿಗಳಿಗೆ ಬೇರೆ ಬೇಲಿ ಕಟ್ಟಿಕೊಡಿ ಎಂಬ ಬೇಡಿಕೆಯನ್ನು ಕೋರ್ಟು ತಳ್ಳಿಹಾಕಿದುದಕ್ಕೆ ಕೊಟ್ಟ ಕಾರಣ, ಅದು ಶಾಸನಸಭೆಯ ಕ್ಷೇತ್ರವನ್ನು ಅತಿಕ್ರಮಿಸಿದಂತಾಗುವುದೆಂಬುದು. ದುವಾ ಅವರ ಪರವಾಗಿ ವಾದಿಸಿದವರು ವೈದ್ಯರ ನಿದರ್ಶನವನ್ನು ಮುಂದಿಟ್ಟಿದ್ದರು. ವೈದ್ಯನ ಅಜಾಗರೂಕತೆಯ ದೂರು ಬಂದಾಗ ಪೋಲೀಸರು ಮೊದಲು ಬೇರೊಬ್ಬ ವೈದ್ಯನ ಅಭಿಪ್ರಾಯವನ್ನು ಪಡೆಯಬೇಕೆಂದು 2005ರಲ್ಲಿ ಅದೇ ಕೋರ್ಟು ಹೇಳಿದೆಯಲ್ಲ, ಪತ್ರಕರ್ತರಿಗೇಕೆ ಅಂಥದೊಂದು ಕಟ್ಟಳೆಯಿರಬಾರದು ಎಂಬುದು ಅವರ ವಾದ. ಮೇಲುನೋಟಕ್ಕೆ ಇದು ಸಮಂಜಸವಾಗಿ ತೋರಿದರೂ ನಮಗೆ ಒಪ್ಪಿಗೆಯಾಗುವುದಿಲ್ಲ. ವೈದ್ಯನಿಗೆ ಸನ್ನದು ಇದೆ. ಸನ್ನದಿಲ್ಲದವನು ಔಷಧ ಕೊಡಲಾಗದು. ಪತ್ರಕರ್ತನಿಗೆ ಸನ್ನದು ಕೊಡುವವರು ಯಾರೂ ಇಲ್ಲ, ಇರಲೂಬಾರದು. ಹತ್ತು ವರ್ಷಗಳಾಯಿತೆಂದು ಲೆಕ್ಕ ಹಾಕುವವರಾರು? ಸಂಬಳದ ಪಟ್ಟಿಯಲ್ಲಿ ಹೆಸರಿಲ್ಲದೆ, ಅಂಗುಲಕ್ಕಿಷ್ಟು ಎಂದು ದುಡ್ಡು ಪಡೆಯುವ ತಾಲೂಕಿನ ಬಾತ್ಮೀದಾರನ ವರ್ಷಗಳನ್ನು ಯಾವ ದಫ್ತರ ಬರೆದಿಟ್ಟಿದೆ? ಸಮಿತಿಯಲ್ಲಿ ಗೃಹಮಂತ್ರಿಗಳೇ ಒಬ್ಬ ಸದಸ್ಯರಾದರೆ ಪತ್ರಕರ್ತನಾರೆಂಬುದನ್ನು ಕಡೆಗೆ ಸರಕಾರವೇ ನಿರ್ಧರಿಸಿದಂತಾಗಲಿಲ್ಲವೆ?

ಹಿರಿಯ ಪತ್ರಕರ್ತನಿಗೆ ಹೆಸರಿದೆ. ದೇಶದ ದೊಡ್ಡ ವಕೀಲರು ಅವನಿಗಾಗಿ ನಿಲ್ಲುತ್ತಾರೆ, ನೇರವಾಗಿ ಸುಪ್ರೀಂ ಕೋರ್ಟಿನ ಬಾಗಿಲು ಬಡಿಯಬಲ್ಲನು, ಭಾನುವಾರದಂದು ಬಾಗಿಲು ತೆರೆಯುವುದೂ ಉಂಟು. ಅದಕ್ಕಾಗಿ ನಾವು ಅಸೂಯೆಪಡುವುದಿಲ್ಲ. ದುವಾ ಅವರು ಗೆದ್ದುದರಿಂದ ದೊರೆತ ತೀರ್ಪು ಎಲ್ಲರಿಗೂ ಉಪಯೋಗಕ್ಕೆ ಬಂದಿತೆಂಬುದು ನಿಜ. ಆದರೆ ಮರಳು ಸಾಗಾಣಿಕೆಯ ಸುದ್ದಿ ಬರೆದು ಸ್ಥಳೀಯ ಪುಢಾರಿಯ ಕೋಪಕ್ಕೆ ಗುರಿಯಾದ ಇಪ್ಪತ್ತೈದರ ಹುಡುಗ ಮೊದಲ ರಾತ್ರಿಯನ್ನು ಠಾಣೆಯ ಬೆಂಚಿನ ಮೇಲೆ ಕಳೆಯುತ್ತಾನೆ. ಅವನು ಕಸುಬಿಗೆ ಬಂದು ಮೂರು ವರ್ಷವಾಗಿರುತ್ತದೆ. ರಕ್ಷೆಯ ಅವಶ್ಯಕತೆ ಯಾರಿಗೆ ಹೆಚ್ಚೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ದುವಾ ಅವರೂ 1985ರಲ್ಲಿ ಮಂತ್ರಿಗಳ ಮುಂದೆ ನಿಂತಾಗ ಮೂವತ್ತೊಂದರ ತರುಣರೇ ಆಗಿದ್ದರು. ಅವರ ಅತ್ಯುತ್ತಮ ಪ್ರಶ್ನೆಗಳು ಪದ್ಮಶ್ರೀಗೆ ಬಹಳ ಮೊದಲೇ ಕೇಳಿದಂಥವು.

ಆ ತೀರ್ಪಿನ ಮೇಲೆ ಕಾಯಿದೆ ಎರಡು ಸಲ ಮೈ ಬದಲಿಸಿದೆ. 2022ರ ಮೇ 11ರಂದು ಸುಪ್ರೀಂ ಕೋರ್ಟು 124-ಎ ಕಲಮನ್ನು ತಡೆಹಿಡಿದಿಟ್ಟಿತು. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆಯೇ ಹೋಗಿ ಭಾರತೀಯ ನ್ಯಾಯಸಂಹಿತೆ ಬಂದಿತು. ರಾಜದ್ರೋಹವೆಂಬ ಶಬ್ದ ಅದರಲ್ಲಿಲ್ಲ. ದೇಶದ ಸಾರ್ವಭೌಮತ್ವ, ಏಕತೆ, ಅಖಂಡತೆಗಳನ್ನು ಅಪಾಯಕ್ಕೊಡ್ಡುವ ಕೃತ್ಯಗಳೆಂದು 152ನೆಯ ಕಲಮು ಇದೆ, ಯಾವಜ್ಜೀವ ಕಾರಾವಾಸದವರೆಗೆ ಶಿಕ್ಷೆಯಿದೆ. ಮೂರು ವರ್ಷ ಅಥವಾ ಅದಕ್ಕೆ ಮೇಲ್ಪಟ್ಟು, ಏಳು ವರ್ಷಕ್ಕೆ ಕಡಿಮೆಯಾದ ಶಿಕ್ಷೆಯುಳ್ಳ ಅಪರಾಧಗಳಲ್ಲಿ ಪೋಲೀಸರು ಮೇಲಧಿಕಾರಿಯ ಅನುಮತಿ ಪಡೆದು ಹದಿನಾಲ್ಕು ದಿನಗಳ ಪೂರ್ವಭಾವಿ ವಿಚಾರಣೆ ನಡೆಸಬಹುದೆಂದು ಹೊಸ ನಾಗರಿಕ ಸುರಕ್ಷಾಸಂಹಿತೆಯ 173ನೆಯ ಕಲಮು ಹೇಳುತ್ತದೆ. ಮಾತು ಬರಹಗಳ ವಿಷಯದಲ್ಲಿ ಈ ವಿಚಾರಣೆಯನ್ನು ನಡೆಸುವುದೇ ಉಚಿತವೆಂದು ಸುಪ್ರೀಂ ಕೋರ್ಟು 2025ರ ಮಾರ್ಚಿನಲ್ಲಿ ಕವಿತೆಯೊಂದರ ಮೊಕದ್ದಮೆಯಲ್ಲಿ ಒತ್ತಿ ಹೇಳಿತು. ಆದರೆ 152ನೆಯ ಕಲಮಿನ ಶಿಕ್ಷೆ ಅದಕ್ಕಿಂತ ದೊಡ್ಡದಾದುದರಿಂದ ಅದು ಈ ಬೇಲಿಯ ಹೊರಗೆ ಉಳಿಯುತ್ತದೆ. ಸಣ್ಣ ಆರೋಪಕ್ಕೆ ಪೂರ್ವವಿಚಾರಣೆಯ ಆಸರೆಯುಂಟು, ದೊಡ್ಡ ಆರೋಪಕ್ಕಿಲ್ಲ. ದೂರು ಕೊಡುವವನು ಜಾಣನಾದರೆ ಯಾವ ಕಲಮನ್ನು ಹಿಡಿಯುತ್ತಾನೆ?

ಆದುದರಿಂದ ಶಾಸನಸಭೆ ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ. ಹಿರಿಯರಿಗೊಂದು ಕಿರಿಯರಿಗೊಂದು ಎಂಬ ಭೇದವಿಲ್ಲದೆ, ಪತ್ರಕರ್ತನೋ ಅಲ್ಲವೋ ಎಂಬ ವಿಚಾರಣೆಯೂ ಇಲ್ಲದೆ, ಆಡಿದ ಬರೆದ ಮಾತಿಗಾಗಿ ಯಾರ ಮೇಲೆ 152ನೆಯ ಕಲಮನ್ನು ಹೊರಿಸಬೇಕಾದರೂ ಆ ಪೂರ್ವಭಾವಿ ವಿಚಾರಣೆ ಕಡ್ಡಾಯವಾಗಬೇಕು. 124-ಎ ಕಲಮಿನ ಎಫ್.ಐ.ಆರ್.ಗಳನ್ನು ಪೋಲೀಸ್ ಸೂಪರಿಂಟೆಂಡೆಂಟರ ದರ್ಜೆಯ ಅಧಿಕಾರಿ ಒಪ್ಪಿದ ಮೇಲೆಯೇ ದಾಖಲಿಸಬಹುದೆಂದು 2022ರಲ್ಲಿ ಕೇಂದ್ರಸರಕಾರವೇ ಕೋರ್ಟಿನ ಮುಂದೆ ಸೂಚಿಸಿತ್ತು. ಹಳೆಯ ಕಲಮಿಗೆ ತಾನೇ ಸೂಚಿಸಿದ್ದ ಕಟ್ಟಳೆಯನ್ನು ಹೊಸ ಕಲಮಿಗೆ ಅಳವಡಿಸಲು ಸರಕಾರಕ್ಕೆ ಅಡ್ಡಿಯೇನಿದ್ದೀತು?

ದುವಾ ಅವರು ತಮ್ಮ ಗೆಲುವನ್ನು ಅನುಭವಿಸಲಿಲ್ಲ. ತೀರ್ಪು ಬಂದಾಗ ಅವರ ಪತ್ನಿ ಕೊರೋನಾ ತಗುಲಿ ಆಸ್ಪತ್ರೆಯಲ್ಲಿದ್ದರು. ಅದೇ ಜೂನ್ ತಿಂಗಳಲ್ಲಿ ತೀರಿಕೊಂಡರು. ಅದೇ ರೋಗದಿಂದ ಜರ್ಝರಿತರಾಗಿದ್ದ ದುವಾ ಅವರು ಚೇತರಿಸಿಕೊಳ್ಳದೆ 2021ರ ಡಿಸೆಂಬರ್ 4ರಂದು, ಅರುವತ್ತೇಳನೆಯ ವಯಸ್ಸಿನಲ್ಲಿ, ದಿಲ್ಲಿಯಲ್ಲಿ ನಿಧನಹೊಂದಿದರು. ಯಾವ ರೋಗಕ್ಕೆ ಸಿದ್ಧತೆ ಸಾಲದೆಂದು ಹೇಳಿ ಮೊಕದ್ದಮೆಗೆ ಗುರಿಯಾದರೋ ಆ ರೋಗವೇ ಅವರ ಮನೆಯನ್ನು ಬರಿದುಮಾಡಿತು.

ಅವರ ಸ್ಮರಣೆಗಾಗಿ ಏನಾದರೂ ಮಾಡಬೇಕೆನ್ನುವವರಿಗೆ ನಮ್ಮದೊಂದು ಸಲಹೆಯಿದೆ. ಪ್ರಸಾರ ಭಾರತಿಯವರು 'ಜನವಾಣಿ'ಯನ್ನು ಮತ್ತೆ ಪ್ರಾರಂಭಿಸಲಿ. ಬೆಂಗಳೂರಿನ ಚಂದನ ವಾಹಿನಿಯಲ್ಲಿ ರಾಜ್ಯದ ಮಂತ್ರಿಗಳನ್ನು ತಿಂಗಳಿಗೊಬ್ಬರಂತೆ ಕೂಡಿಸಿ, ಹೊರನಾಡ ಕನ್ನಡಿಗರಿಗೂ ಪ್ರಶ್ನೆ ಕಳಿಸುವ ಅವಕಾಶವನ್ನು ಕಲ್ಪಿಸಲಿ. ಅದಾಗುವವರೆಗೆ ನಮ್ಮ ಸಂಘಗಳವರು ಕಾಯಬೇಕಾಗಿಲ್ಲ. ಮುಂದಿನ ಸಲ ಮಂತ್ರಿಗಳು ಬಂದಾಗ ಸ್ವಾಗತಭಾಷಣವನ್ನು ಐದು ಮಿನಿಟಿಗೆ ಮುಗಿಸಿ, ಅರ್ಧ ಗಂಟೆಯನ್ನು ಪ್ರಶ್ನೆಗಳಿಗೆ ಮೀಸಲಿಡಬಹುದು. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿರುವುದನ್ನು ಕುರಿತು ಬೆಂಗಳೂರಿನವರು ಮಾಡಿದುದೇನೆಂಬುದನ್ನೇ ಮೊದಲ ಪ್ರಶ್ನೆಯಾಗಿ ಕೇಳಬಹುದು. ಸಭೆಯಲ್ಲಿರುವ ಅತ್ಯಂತ ಕಿರಿಯ ಸದಸ್ಯನೇ ಎದ್ದು ನಿಂತು ಅದನ್ನು ಕೇಳಲಿ.